ಕೃತಜ್ಞತೆಯ ಪುಟದಲ್ಲಿ ಅವ್ವನಿಗೆ, ತಮ್ಮನಿಗೆ ಏನಂತ ಬರೆಯಲಿ?

ಬಿಳಿಜೋಳ · ಗುರುವಾರ ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನನ್ನ ಪಿಎಚ್‌ಡಿ ಪ್ರಬಂಧ ಬೈಂಡಿಂಗ್‌ಗೆ ಹೋಗಲು ಇನ್ನು 11 ದಿನ ಇದೆ. ವಿಷಯ ಹಿಂಗಾರಿ ಜೋಳ. ಮಾಲ್ದಂಡಿ, ಅಂದರೆ ಎಂ 35-1 ತಳಿಯ ಪಕ್ಕದಲ್ಲಿ ಬೇರೆ ತಳಿಗಳನ್ನು ಬೆಳೆದು, ನೀರು ಕಡಿಮೆಯಾದಾಗ ಯಾವುದು ಎಷ್ಟು ತಾಳುತ್ತದೆ ಎಂದು ನೋಡಿದ್ದೇನೆ. ಅಧ್ಯಾಯಗಳೆಲ್ಲ ಮುಗಿದಿವೆ. ಕೋಷ್ಟಕಗಳನ್ನು ಮೂರು ಸಲ ನೋಡಿಯಾಯಿತು. ಉಳಿದಿರುವುದು ಒಂದೇ, ಕೃತಜ್ಞತೆಯ ಪುಟ.

ಗೈಡ್, ಕಮಿಟಿಯವರು, ಲ್ಯಾಬಿನವರು, ಹೊಲದಲ್ಲಿ ಕಳೆ ತೆಗೆದ ಅಕ್ಕಂದಿರು, ಇವರಿಗೆಲ್ಲ ಬರೆದೆ. ಮನೆಯವರ ಪ್ಯಾರಾಕ್ಕೆ ಬಂದಾಗ ಕೈ ನಿಂತುಬಿಟ್ಟಿತು. ನಮ್ಮಲ್ಲಿ ಸೀನಿಯರ್‌ಗಳ ಪ್ರಬಂಧ ತೆಗೆದು ಆ ಸಾಲುಗಳನ್ನೇ ಇಳಿಸುವುದು ರೂಢಿ. ನಾನೂ ಇಳಿಸಿದೆ. ತಂದೆ ತಾಯಿಯ ಋಣ ಏಳೇಳು ಜನ್ಮಕ್ಕೂ ತೀರಿಸಲಾರೆ, ಅವರ ತ್ಯಾಗವನ್ನು ಬಣ್ಣಿಸಲು ಪದಗಳು ಸಾಲವು ಎಂಬ ಅರ್ಥದ ದೊಡ್ಡ ದೊಡ್ಡ ಇಂಗ್ಲಿಷ್ ವಾಕ್ಯಗಳು. ಮರುದಿನ ಓದಿದರೆ ಅದರಲ್ಲಿ ನಮ್ಮವ್ವ ಎಲ್ಲೂ ಇರಲಿಲ್ಲ.

ನಮ್ಮವ್ವ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುತ್ತಾಳೆ. ಅಪ್ಪ ತೀರಿಕೊಂಡು 14 ವರ್ಷ. ನಾನು ಬಿಎಸ್ಸಿ ಅಗ್ರಿಗೆ ಸೇರಿದ ವರ್ಷವೇ ತಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಟ್ರ್ಯಾಕ್ಟರ್ ಗ್ಯಾರೇಜಿಗೆ ಸೇರಿದ. ಮುಂದೆ ಓದಲಿಲ್ಲ. ಇದನ್ನು ಬರೆಯಬೇಕಾ? ಬರೆದರೆ ಹೇಗೆ ಬರೆಯಬೇಕು? ಅವ್ವನಿಗೆ ಓದಲು ಬರುವುದಿಲ್ಲ, ಪ್ರಬಂಧ ಇಂಗ್ಲಿಷಿನಲ್ಲಿದೆ. ಹಾಗಾದರೆ ಈ ಪ್ಯಾರಾ ಯಾರಿಗೆ?

ಇನ್ನೊಂದು ಸಣ್ಣ ಪ್ರಶ್ನೆ. ಕನ್ನಡದಲ್ಲಿ ಬರೆದರೆ "ಅವ್ವ ಓದಿಸಿದಳು" ಎನ್ನಬೇಕಾ, "ಓದಿಸಿದರು" ಎನ್ನಬೇಕಾ?

ಮೂರನೇ ಮಹಡಿ · ಗುರುವಾರ ರಾತ್ರಿ 10:41

ಮೊದಲು ಅಭಿನಂದನೆ. ಕೊನೆಯ ಪ್ರಶ್ನೆ ಸಣ್ಣದಲ್ಲ ಅಂತ ನನಗನಿಸುತ್ತದೆ. ನಾನು ಇದೇ ಪ್ರಶ್ನೆಗೆ ಎರಡು ದಿನ ಕೂತಿದ್ದೆ.

ಅವ್ವ ಎಂದೇ ಬರೆಯಿರಿ. ನಾನು ಎಲ್ಲರ ಹಾಗೆ "ಮಾತೃಶ್ರೀಯವರು" ಎಂದು ಬರೆದೆ. ಮನೆಯಲ್ಲಿ ಓದಿದಾಗ ಅಮ್ಮ "ಯಾರಿಗೆ ಬರೆದಿದ್ದೀಯ?" ಎಂದು ಕೇಳಿದರು. ನಿಜವಾಗಿಯೂ ಗೊತ್ತಾಗಿರಲಿಲ್ಲ ಅವರಿಗೆ.

ಪಡಸಾಲೆ · ಗುರುವಾರ ರಾತ್ರಿ 11:35

ನಾನು ನಿವೃತ್ತ ಕನ್ನಡ ಮೇಷ್ಟ್ರು. ನನ್ನ ಪ್ರಬಂಧ ಸಲ್ಲಿಸಿದ್ದು 1994ರಲ್ಲಿ. ಆಗ ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಕೈಬರಹದ 400ಕ್ಕೂ ಹೆಚ್ಚು ಪುಟಗಳನ್ನು ಬೆರಳಚ್ಚಿಗೆ ಕೊಡುವ ಮೊದಲು ಚೊಕ್ಕವಾಗಿ ನಕಲು ಮಾಡಬೇಕಿತ್ತು. ಆ ಕೆಲಸ ಮಾಡಿದವಳು ನನ್ನ ಹೆಂಡತಿ. ಮಗಳು ಮಲಗಿದ ಮೇಲೆ ಕೂರುತ್ತಿದ್ದಳು. ಐದು ತಿಂಗಳು ಹಿಡಿಯಿತು. ಒಂದು ಹಳಗನ್ನಡ ಪದ್ಯದಲ್ಲಿ ನಾನು ಒಂದು ಪಾದವನ್ನೇ ಬಿಟ್ಟಿದ್ದೆ. ಅವಳು ಮೂಲ ತೆಗೆದು ನೋಡಿ ಸೇರಿಸಿದ್ದಳು. ನನಗೆ ಹೇಳಿದ್ದು ಆಮೇಲೆ.

ನಾನು ಅರಿಕೆಯಲ್ಲಿ ಬರೆದದ್ದು ಇಷ್ಟು: "ಸದಾ ಸಹಕರಿಸಿದ ನನ್ನ ಧರ್ಮಪತ್ನಿಗೆ ಕೃತಜ್ಞತೆಗಳು." ಬೆರಳಚ್ಚು ಮಾಡಿದವರ ಹೆಸರಿದೆ. ಬೈಂಡ್ ಮಾಡಿದವರ ಹೆಸರಿದೆ. ಅವಳ ಹೆಸರಿಲ್ಲ.

ಮಗಳು ಕಾಲೇಜಿಗೆ ಬಂದಾಗ ಕಪಾಟಿನಿಂದ ಅದನ್ನು ತೆಗೆದು ಓದಿ "ಅಪ್ಪಾಜಿ, ಅಮ್ಮನ ಹೆಸರು ಎಲ್ಲಿ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಚೆಗೆ ಅವಳೇ ಇನ್ನೊಂದು ವಿಷಯ ತೋರಿಸಿದಳು. 2017ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಬ್ರೂಸ್ ಹೋಲ್ಸಿಂಗರ್ ಎಂಬ ಪ್ರಾಧ್ಯಾಪಕರು ಟ್ವಿಟರ್‌ನಲ್ಲಿ "ಥ್ಯಾಂಕ್ಸ್ ಫಾರ್ ಟೈಪಿಂಗ್" ಎಂಬ ಹೆಸರಿನಡಿ ಹಳೆಯ ವಿದ್ವತ್ ಪುಸ್ತಕಗಳ ಇಂಥ ಸಾಲುಗಳನ್ನು ಒಟ್ಟು ಹಾಕಿದರಂತೆ. ಇಡೀ ಪುಸ್ತಕವನ್ನು ಟೈಪ್ ಮಾಡಿಕೊಟ್ಟ "ನನ್ನ ಹೆಂಡತಿಗೆ" ವಂದನೆ ಇರುತ್ತದೆ, ಹೆಸರು ಇರುವುದಿಲ್ಲ. ಅದನ್ನು ನೋಡುವಾಗ ನನ್ನ ಪುಟವನ್ನೇ ಯಾರೋ ಎತ್ತಿ ಹಿಡಿದ ಹಾಗಾಯಿತು. ನನ್ನ ಪ್ರತಿಯಲ್ಲಿ ಶಾಯಿಯಿಂದ ಅವಳ ಹೆಸರು ಬರೆದೆ. ಗ್ರಂಥಾಲಯದ ಪ್ರತಿ ಮಾತ್ರ ಹಾಗೇ ಇದೆ.

ಹಾಗಾಗಿ ಬಿಳಿಜೋಳ, ಹೆಸರು ಬರೆಯಿರಮ್ಮ. ಜೊತೆಗೆ ಏನು ಮಾಡಿದರು ಎನ್ನುವುದನ್ನೂ ಬರೆಯಿರಿ. ಕೃತಜ್ಞ ಎಂದರೆ ಅಷ್ಟೇ ತಾನೇ. ಕೃತ ಎಂದರೆ ಮಾಡಿದ್ದು. ಜ್ಞ ಎಂದರೆ ಬಲ್ಲವನು. ನಮಗಾಗಿ ಮಾಡಿದ್ದನ್ನು ತಿಳಿದವನು. ನಾನು ತಿಳಿದಿದ್ದೆ, ಬರೆಯಲಿಲ್ಲ.

ಋಣದ ಮಾತು ಕೆಟ್ಟದ್ದೇನಲ್ಲ. ನಮ್ಮಲ್ಲಿ ಬಹಳ ಆಳದ ಪದ ಅದು. ಆದರೆ ನಮ್ಮ ಜನ "ಋಣ ತೀರಿತು", "ಋಣ ಹರಿಯಿತು" ಎಂದು ಯಾವಾಗ ಹೇಳುತ್ತಾರೆ ನೋಡಿ. ಯಾರಾದರೂ ಸತ್ತಾಗ, ಇಲ್ಲವೇ ಊರು ಬಿಟ್ಟಾಗ, ಸಂಬಂಧ ಕಡಿದಾಗ. ತಾಯಿಯ ವಿಷಯದಲ್ಲಿ ತೀರಿಸುವ ಮಾತನ್ನೇ ಎತ್ತುವುದು ನನಗೆ ಸರಿ ಕಾಣುವುದಿಲ್ಲ, "ತೀರಿಸಲಾರೆ" ಎಂದರೂ ಅಷ್ಟೇ. ಧನ್ಯವಾದ ಅಂಗಡಿಯಲ್ಲಿ, ಸಭೆಯಲ್ಲಿ ಹೇಳುವ ಮಾತಾಗಿದೆ. ಮನೆಯೊಳಗೆ ನಾವು ಅದನ್ನು ಹೇಳುವುದಿಲ್ಲ. ಹೇಳಿದರೆ ಮನೆಯವರನ್ನು ಹೊರಗಿನವರನ್ನಾಗಿ ಮಾಡಿದ ಹಾಗೆ. ನನಗೆ ಹಿಡಿಸುವುದು "ನೆನೆಯುತ್ತೇನೆ". ಎಷ್ಟೋ ಪುಸ್ತಕಗಳಲ್ಲಿ ಈ ಪುಟಕ್ಕೆ "ನೆನಕೆ" ಎಂದೇ ಹೆಸರಿಡುತ್ತಾರಲ್ಲ, ಅದು ನಮ್ಮ ಮನೆಯ ಪದ.

ಅಚ್ಚಗನ್ನಡ · ಶುಕ್ರವಾರ ಬೆಳಗ್ಗೆ 7:05

ಮೇಷ್ಟ್ರೇ, "ನನ್ನಿ" ಎನ್ನಬಹುದಲ್ವಾ? ನಾವು ಗೆಳೆಯರೆಲ್ಲ ಥ್ಯಾಂಕ್ಸ್ ಬದಲು ಅದನ್ನೇ ಬಳಸುತ್ತೇವೆ. ಸಂಸ್ಕೃತದ ಹಂಗಿಲ್ಲದ ಪದ.

ಪಡಸಾಲೆ · ಶುಕ್ರವಾರ ಬೆಳಗ್ಗೆ 8:20

ನಿಮ್ಮ ಕಾಳಜಿ ನನಗೆ ಇಷ್ಟವಾಯಿತು. ನನ್ನಿ ಒಳ್ಳೆಯ ಹಳೆಯ ಪದ. ಹಳಗನ್ನಡದಲ್ಲಿ ಅದಕ್ಕೆ ಸತ್ಯ ಎಂಬ ಅರ್ಥ ಮುಖ್ಯ. ಪಂಪ ಕರ್ಣನನ್ನು ಹೊಗಳುವಾಗ ನನ್ನಿಯಲ್ಲಿ ಅವನನ್ನು ಬಿಟ್ಟರಿಲ್ಲ ಎನ್ನುತ್ತಾನೆ. ಅಲ್ಲಿ ಅದು ಸತ್ಯವೇ. ಥ್ಯಾಂಕ್ಸ್ ಎಂಬ ಅರ್ಥ ಈಚಿನ ಬಳಕೆ. ಗೆಳೆಯರ ನಡುವೆ ಚೆನ್ನಾಗಿ ನಡೆಯುತ್ತದೆ, ನಡೆಯಲಿ. ಆದರೆ ಈ ಪ್ಯಾರಾವನ್ನು ಅವರು ಅವ್ವನಿಗೆ ಓದಿ ಹೇಳಬೇಕು. ಓದುತ್ತಾ ಅರ್ಥ ಬಿಡಿಸಿ ಹೇಳಬೇಕಾದ ಪದ ಅಲ್ಲಿ ಬೇಡ.

ಹೊಳೆಸಾಲು · ಶುಕ್ರವಾರ ಬೆಳಗ್ಗೆ 9:10

ಏಕವಚನ, ಬಹುವಚನದ ಬಗ್ಗೆ ನಾನು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಅಪ್ಪ "ಬಂದರು", ಅಮ್ಮ "ಬಂದಳು". ಮಾತಾಡುವಾಗ ಇದು ಕಿವಿಗೆ ಬೀಳುವುದೇ ಇಲ್ಲ. ಬರೆದಾಗ ಪಕ್ಕ ಪಕ್ಕದ ಸಾಲಿನಲ್ಲಿ ಅಪ್ಪನಿಗೆ ಗೌರವ, ಅಮ್ಮನಿಗೆ ಇಲ್ಲ ಅನ್ನುವ ಹಾಗೆ ಕಂಡಿತು. ಸರಿ, ಇಬ್ಬರಿಗೂ ಬಹುವಚನ ಹಾಕಿದೆ. ಅಮ್ಮನಿಗೆ ಓದಿದೆ. "ನೀನು ಯಾವತ್ತು ನನ್ನ ಅವರು ಇವರು ಅಂದಿದ್ದೆ? ಪಕ್ಕದ ಮನೆಯವರ ಬಗ್ಗೆ ಬರೆದ ಹಾಗಿದೆ" ಎಂದಳು. ಇಬ್ಬರಿಗೂ ಏಕವಚನ ಹಾಕಲು ಧೈರ್ಯ ಬರಲಿಲ್ಲ. ನಮ್ಮ ಕಡೆ ಅಪ್ಪನಿಗೆ ಹಾಗೆ ಬರೆದರೆ ಓದಿದವರು ತಪ್ಪು ತಿಳಿಯುತ್ತಾರೆ.

ಆಮೇಲೆ ಹೊಳೆಯಿತು. ಕನ್ನಡದಲ್ಲಿ ಇದಕ್ಕೊಂದು ಚೆಂದದ ದಾರಿ ಇದೆ. "ಅಮ್ಮ ಓದಿಸಿದಳು" ಎನ್ನುವ ಬದಲು "ಓದಿಸಿದ ಅಮ್ಮ" ಎನ್ನಿ. "ಓದಿಸಿದ" ಎಂಬ ರೂಪಕ್ಕೆ ಗಂಡು ಹೆಣ್ಣು ಇಲ್ಲ, ಏಕವಚನ ಬಹುವಚನ ಇಲ್ಲ. ಓದಿಸಿದ ಅಮ್ಮ, ಓದಿಸಿದ ಅಪ್ಪ, ಓದಿಸಿದ ಅಕ್ಕಂದಿರು. ಎಲ್ಲರೂ ಒಂದೇ ಸಾಲಿನಲ್ಲಿ ಸಮನಾಗಿ ಕೂರುತ್ತಾರೆ. ಇಲ್ಲವೇ ಕ್ರಿಯಾಪದವನ್ನೇ ಬಿಡಿ. ನಾನು ಬರೆದದ್ದು ಹೀಗೆ: "ನನ್ನ ಹೈಸ್ಕೂಲಿನ ಫೀಸು ಅಮ್ಮನ ಹಾಲಿನ ದುಡ್ಡು. ಹಾಸ್ಟೆಲಿನ ಫೀಸು ಅಪ್ಪ ಮಾರಿದ ಹೋರಿಗಳು." ಅಮ್ಮ ಇದಕ್ಕೆ ತಲೆ ಆಡಿಸಿದಳು. ಅಪ್ಪ ಹೋರಿಗಳ ಹೆಸರು ಹೇಳಿ ಸುಮ್ಮನಾದರು.

ಬಿಳಿಜೋಳ · ಶುಕ್ರವಾರ ಮಧ್ಯಾಹ್ನ 1:15

ಹೊಳೆಸಾಲು ಅವರೇ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಅಪ್ಪನಿಗೂ ಅವ್ವನಿಗೂ ಏಕವಚನವೇ. ಆದರೆ ಕಮಿಟಿಯಲ್ಲಿ ಮೈಸೂರು ಕಡೆಯವರಿದ್ದಾರೆ. ಅವರಿಗೆ ಒರಟಾಗಿ ಕೇಳಬಹುದು ಎಂದು ಅಂಜಿದ್ದೆ. "ಓದಿಸಿದ ಅವ್ವ" ಸರಿಹೋಯಿತು.

ಮೇಷ್ಟ್ರ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಕನ್ನಡದಲ್ಲೇ ಬರೆಯೋಣ ಎಂದು ಮನಸ್ಸಾಗಿದೆ. ಇಂಗ್ಲಿಷ್ ಪ್ರಬಂಧದ ನಡುವೆ ಒಂದು ಕನ್ನಡ ಪ್ಯಾರಾ ಹಾಕಿದರೆ ನಡೆಯುತ್ತದಾ?

ತಗ್ಗುನಾಡು · ಶುಕ್ರವಾರ ಸಂಜೆ 5:30

ನೆದರ್‌ಲ್ಯಾಂಡ್ಸ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಪ್ರಬಂಧ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಆದರೆ ಕೃತಜ್ಞತೆಯ ಭಾಗಕ್ಕೆ ಡಚ್ ಭಾಷೆಯಲ್ಲಿ "ದಾಂಕ್‌ವೋರ್ಟ್" ಎನ್ನುತ್ತಾರೆ. ಸಾಮಾನ್ಯವಾಗಿ ಪುಸ್ತಕದ ಕೊನೆಯಲ್ಲಿ ಬರುತ್ತದೆ. ಪುಸ್ತಕ ಕೈಗೆ ಸಿಕ್ಕ ಕೂಡಲೇ ಎಲ್ಲರೂ ಮೊದಲು ತೆರೆಯುವುದು ಅದನ್ನೇ. ನನ್ನ ಡಚ್ ಸಹಪಾಠಿಗಳು ಮೇಲಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ಬರೆದು, ಮನೆಯವರ ಮಾತು ಬಂದಾಗ ಡಚ್‌ಗೆ ಹೊರಳುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಹಾಗಾದರೆ ನಾನು ಯಾಕೆ ಕನ್ನಡಕ್ಕೆ ಹೊರಳಬಾರದು ಅನಿಸಿತು. ಎಂಟು ಸಾಲು ಕನ್ನಡ ಹಾಕಿದೆ. ವೈವಾ ದಿನ ಅಜ್ಜಿ ಶಿರಸಿಯಲ್ಲಿ ಕೂತು ವಿಡಿಯೋದಲ್ಲಿ ನೋಡುತ್ತಿದ್ದರು. ಪುಟವನ್ನು ಕ್ಯಾಮೆರಾಕ್ಕೆ ಹಿಡಿದೆ. ಅಜ್ಜಿ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ನನಗೆ ಆ ದಿನದಲ್ಲಿ ಜಾಸ್ತಿ ನೆನಪಿರುವುದು ಅದೇ.

ಕನ್ನಡ ಹಾಕುವವರಿಗೆ ಎರಡು ಮಾತು. ವರ್ಡ್‌ನಲ್ಲಿ ಬರೆಯುವವರು ಯೂನಿಕೋಡ್ ಅಕ್ಷರವನ್ನೇ ಬಳಸಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಬಹುದು. ಪಿಡಿಎಫ್ ಮಾಡುವಾಗ ಫಾಂಟ್ ಅದರೊಳಗೇ ಸೇರಿದೆಯಾ ನೋಡಿ. ಪ್ರಿಂಟ್ ತೆಗೆದು ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ, ಅದರಲ್ಲೂ ಹೆಸರುಗಳನ್ನು. ಪುಟ ಜೋಡಿಸುವ ಲೇಟೆಕ್ ತಂತ್ರಾಂಶ ಬಳಸುವವರಿಗೆ ಪಿಡಿಎಫ್‌ಲೇಟೆಕ್‌ನಲ್ಲಿ ಕನ್ನಡ ಸರಿಯಾಗಿ ಬರುವುದಿಲ್ಲ. ಝೀಲೇಟೆಕ್ ಅಥವಾ ಲುವಾಲೇಟೆಕ್ ಬೇಕು, ಜೊತೆಗೆ ನೋಟೋ ಸೆರಿಫ್ ಕನ್ನಡದಂಥ ಫಾಂಟ್. ಅಷ್ಟು ತಲೆನೋವು ಬೇಡ ಎಂದರೆ ಆ ಒಂದು ಪುಟವನ್ನು ಬೇರೆಯಾಗಿ ಪಿಡಿಎಫ್ ಮಾಡಿ, ಪಿಡಿಎಫ್‌ಪೇಜಸ್ ಪ್ಯಾಕೇಜಿನಿಂದ ಒಳಗೆ ಸೇರಿಸಿ. ನಾನು ಮಾಡಿದ್ದು ಹಾಗೇ.

ಕಡಲತಡಿ · ಶುಕ್ರವಾರ ರಾತ್ರಿ 8:50

ನಮ್ಮದು ದಕ್ಷಿಣ ಕನ್ನಡ. ಅಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರುವುದು. ಸಾವಿರಕ್ಕೆ ಇಷ್ಟು ಎಂದು ಲೆಕ್ಕ. ಕೈ ಬಿಡುವಿಲ್ಲದ ಕಾರಣ ನನ್ನ ಪುಸ್ತಕ ನೋಡಲು ಅವರಿಗೆ ಆಗುತ್ತಿರಲಿಲ್ಲ. "ಜೋರಾಗಿ ಓದು, ನಾನು ಕೇಳುತ್ತೇನೆ" ಎನ್ನುತ್ತಿದ್ದರು. ಹಾಗೆ ಹತ್ತನೇ ತರಗತಿಯವರೆಗೆ ಎಲ್ಲ ಪಾಠವನ್ನೂ ಕೇಳಿದ್ದಾರೆ.

ಪ್ರಬಂಧದಲ್ಲಿ "ಬೀಡಿ ಕಟ್ಟುತ್ತಾ ನನ್ನ ಪಾಠಗಳನ್ನು ಕೇಳಿಸಿಕೊಂಡ ಅಮ್ಮ" ಎಂದು ಬರೆದೆ. ಓದಿದ ಒಬ್ಬ ಹಿರಿಯರು "ಬೀಡಿ ಯಾಕೆ, ಕಷ್ಟಪಟ್ಟು ದುಡಿದ ಎಂದರೆ ಸಾಲದೇ?" ಎಂದರು. ನನಗೂ ಅನುಮಾನ ಬಂತು. ಅಮ್ಮನನ್ನು ಕೇಳಿದೆ. "ಕಟ್ಟಿದ್ದು ಹೌದಲ್ಲ, ಬರೆ" ಎಂದರು. ಹಾಗೇ ಉಳಿಸಿಕೊಂಡೆ.

ಹಸಿರು ಪೆನ್ನು · ಶುಕ್ರವಾರ ರಾತ್ರಿ 10:30

ನಾನು ಗೈಡ್ ಆಗಿ ಕೆಲಸ ಮಾಡುತ್ತೇನೆ. ಇಂಥ ಪುಟಗಳನ್ನು ಬಹಳ ಓದಿದ್ದೇನೆ. ಕಡಲತಡಿ ಅವರು ಕೊನೆಯಲ್ಲಿ ಹೇಳಿದ ಮಾತಿದೆಯಲ್ಲ, "ಅಮ್ಮನನ್ನು ಕೇಳಿದೆ", ಅದನ್ನು ನಾನು ಪ್ರತಿ ವಿದ್ಯಾರ್ಥಿಗೂ ಹೇಳುತ್ತೇನೆ.

ಹಿಂದೆ ಪ್ರಬಂಧ ಎಂದರೆ ಗ್ರಂಥಾಲಯದ ಕಪಾಟು. ಈಗ ಹಾಗಲ್ಲ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಕೃಷಿಕೋಶ ಎಂಬ ಜಾಲತಾಣದಲ್ಲಿ ಸಿಗುತ್ತವೆ. ಬೇರೆ ವಿಶ್ವವಿದ್ಯಾಲಯಗಳವು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಜಾಲತಾಣದಲ್ಲಿ. ಶೋಧಗಂಗಾದಲ್ಲಿ ಪ್ರಬಂಧವನ್ನು ಬಿಡಿ ಬಿಡಿ ಕಡತಗಳಾಗಿ ಹಾಕುತ್ತಾರೆ. ಕೃತಜ್ಞತೆಯ ಪುಟ ಎಷ್ಟೋ ಸಲ ಬೇರೆ ಕಡತವೇ ಆಗಿರುತ್ತದೆ. ನಿಮ್ಮ ಜೋಳದ ಬಗ್ಗೆ ಏನೂ ಗೊತ್ತಿಲ್ಲದವರೂ ಫೋನಿನಲ್ಲಿ ಅದೊಂದನ್ನೇ ತೆರೆದು ಓದಬಹುದು. ಒಮ್ಮೆ ಸೇರಿದ ಮೇಲೆ ತಿದ್ದಿಸುವುದು ಸುಲಭವಲ್ಲ.

ನನ್ನ ವಿದ್ಯಾರ್ಥಿಯೊಬ್ಬ ತಂದೆ ಕುಡಿತ ಬಿಟ್ಟು ತನ್ನನ್ನು ಓದಿಸಿದ ಕಥೆ ಬರೆದ. ಪ್ರೀತಿಯಿಂದಲೇ ಬರೆದಿದ್ದ. ನಾನೂ ಓದಿ ಮೆಚ್ಚಿ ಸಹಿ ಹಾಕಿದೆ. ತಂದೆಯನ್ನು ಕೇಳಿದೆಯಾ ಎಂದು ಅವನನ್ನು ಕೇಳಲಿಲ್ಲ, ಅದು ನನ್ನ ತಪ್ಪು. ಅದೇ ವರ್ಷ ತಂಗಿಗೆ ಗಂಡು ನೋಡುತ್ತಿದ್ದರು. ಗಂಡಿನ ಕಡೆಯ ಯಾರೋ ಆ ಪುಟ ಓದಿ ಮನೆಗೆ ಬಂದಾಗ ಆ ಮಾತು ಎತ್ತಿದರು. ಮದುವೆ ಏನೋ ಆಯಿತು. ಆದರೆ ತಂದೆ ಆರು ತಿಂಗಳು ಮಗನ ಜೊತೆ ಮಾತಾಡಲಿಲ್ಲ.

ಬಿಳಿಜೋಳ, ನಿಮ್ಮ ತಮ್ಮನ ವಿಷಯ ಓದಿದಾಗಿನಿಂದ ನನಗೆ ಅದೇ ನೆನಪು. ಅವನು ಓದು ಬಿಟ್ಟದ್ದನ್ನು ನೀವು ಹೇಗೆ ನೋಡುತ್ತೀರಿ ಎನ್ನುವುದು ಒಂದು. ಅವನು ಹೇಗೆ ನೋಡುತ್ತಾನೆ ಎನ್ನುವುದು ಬೇರೆಯೇ ಇರಬಹುದು. ತ್ಯಾಗ ಎಂದು ನೀವು ಬರೆದುಬಿಟ್ಟರೆ, ಆ ಪುಟದಲ್ಲಿ ಅವನು ಯಾವಾಗಲೂ ಕಳೆದುಕೊಂಡವನಾಗಿಯೇ ಉಳಿಯುತ್ತಾನೆ. ಮೊದಲು ಅವನನ್ನು ಕೇಳಿ.

ಇನ್ನು ಇಳಿಸುವ ರೂಢಿಯ ಬಗ್ಗೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಹೋಲಿಕೆ ನೋಡುವಾಗ ಮುನ್ನುಡಿ, ಕೃತಜ್ಞತೆಯ ಪುಟಗಳನ್ನು ಬಿಡಬೇಕು ಎಂದಿದೆ. ಸಾಫ್ಟ್‌ವೇರ್ ಹಿಡಿಯುವುದಿಲ್ಲ ಎಂಬ ಧೈರ್ಯಕ್ಕೇ ಒಂದೇ ಪ್ಯಾರಾ ಹತ್ತು ವರ್ಷ ಓಡಾಡುತ್ತದೆ. ಇಳಿಸುವಾಗ ಬೇಡದ್ದೂ ಬಂದುಬಿಡುತ್ತದೆ. ಗಂಡ ತೀರಿಕೊಂಡ ತಾಯಿಯ ಹೆಸರಿನ ಹಿಂದೆ "ಸೌ.", ಅಂದರೆ ಗಂಡ ಇರುವವರಿಗೆ ಹಾಕುವ ಸೌಭಾಗ್ಯವತಿ, ಎಂದು ಅಚ್ಚಾಗಿದ್ದನ್ನು ನಾನು ನೋಡಿದ್ದೇನೆ. ಹಳೆಯ ಪ್ರಬಂಧದಲ್ಲಿ ಇತ್ತು, ಹಾಗೇ ಉಳಿಯಿತು. ಆ ತಾಯಿ ಅದನ್ನು ಓದಿದರಂತೆ.

ಗೋಳಗುಮ್ಮಟದ ನೆರಳು · ಶನಿವಾರ ಬೆಳಗ್ಗೆ 6:55

ತೀರಿಹೋದವರ ಬಗ್ಗೆ ಒಂದು ಮಾತು. ಅಬ್ಬಾ ತೀರಿಹೋದದ್ದು ನನ್ನ ಪಿಎಚ್‌ಡಿಯ ಎರಡನೇ ವರ್ಷದಲ್ಲಿ. ಡಿಟಿಪಿ ಮಾಡಿದವರು ತಾವಾಗಿಯೇ "ದಿವಂಗತ" ಎಂದು ಸೇರಿಸಿದ್ದರು. ಅವರದು ಒಳ್ಳೆಯ ಮನಸ್ಸೇ. ಆದರೆ ನಮ್ಮ ಮನೆಯಲ್ಲಿ ಹೇಳುವುದು ಮರ್ಹೂಮ್ ಎಂದು. ತಿದ್ದಿಸಿದೆ. ನನ್ನ ಗೆಳತಿ ಅವಳ ತಂದೆಗೆ ಲಿಂಗೈಕ್ಯ ಎಂದು ಬರೆದಳು. ನಿಮ್ಮ ಅಪ್ಪನಿಗೆ ಮನೆಯಲ್ಲಿ ಏನು ಹೇಳುತ್ತೀರೋ ಅದನ್ನೇ ಬರೆಯಿರಿ. ಏನೂ ಸೇರಿಸದೆ ಬರೀ "ಅಪ್ಪ" ಎಂದರೂ ಆಗುತ್ತದೆ.

ಬರೆಯದ ಪುಟ · ಶನಿವಾರ ಬೆಳಗ್ಗೆ 11:40

ಇಲ್ಲಿ ಎಲ್ಲರ ಮನೆಯವರ ಬಗ್ಗೆ ಓದಿ ಮನಸ್ಸು ತುಂಬಿತು. ನನ್ನದು ಬೇರೆ. ನನ್ನ ಓದಿಗೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಮದುವೆಯ ನಂತರವೂ ಅಷ್ಟೇ. "ಸದಾ ಬೆನ್ನೆಲುಬಾಗಿ ನಿಂತ" ಎಂದು ಬರೆಯಲು ಕೈ ಬರುತ್ತಿಲ್ಲ. ಅವರ ಪ್ಯಾರಾವನ್ನೇ ಬಿಟ್ಟರೆ ವೈವಾದಲ್ಲಿ ಯಾರಾದರೂ ಕೇಳುತ್ತಾರಾ?

ಹಸಿರು ಪೆನ್ನು · ಶನಿವಾರ ಮಧ್ಯಾಹ್ನ 12:10

ನಾನು ಕಂಡಂತೆ ಯಾರೂ ಕೇಳಿಲ್ಲ. ಆ ಪುಟವನ್ನು ಪರೀಕ್ಷೆ ಮಾಡುವುದಿಲ್ಲ. ಧೈರ್ಯವಾಗಿ ಬಿಡಿ. ಬೇಸರವನ್ನೂ ಬರೆಯಬೇಡಿ, ಇಲ್ಲದ ಪ್ರೀತಿಯನ್ನೂ ಬರೆಯಬೇಡಿ. ನಿಮ್ಮ ಜೊತೆ ನಿಂತವರು ಯಾರು?

ಬರೆಯದ ಪುಟ · ಶನಿವಾರ ಮಧ್ಯಾಹ್ನ 12:45

ಪಕ್ಕದ ಮನೆಯ ಅಜ್ಜಿ. ಹೆರಿಗೆಗೆ, ಮಗುವಿಗೆ ಎಂದು ನಿಯಮದ ಪ್ರಕಾರ 240 ದಿನ ರಜೆ ಸಿಕ್ಕಿತು. ಅದು ಮುಗಿದ ಮೇಲೆ ಮಗು ಬೆಳೆದದ್ದು ಅಜ್ಜಿಯ ಮನೆಯಲ್ಲಿ. ನಾನು ಲೈಬ್ರರಿಯಿಂದ ಬರುವ ಹೊತ್ತಿಗೆ ಅದಕ್ಕೆ ರಾಗಿ ಸರಿ ತಿನ್ನಿಸಿ, ಎಣ್ಣೆ ಹಚ್ಚಿ ಮಲಗಿಸಿರುತ್ತಿದ್ದರು. ದುಡ್ಡು ಕೊಡಲು ಹೋದರೆ ಬೈಯುತ್ತಿದ್ದರು. ಮಗು ಅವರನ್ನೇ ಮೊದಲು ಅಜ್ಜಿ ಎಂದು ಕರೆದದ್ದು.

ಪಡಸಾಲೆ · ಶನಿವಾರ ಮಧ್ಯಾಹ್ನ 1:00

ಇದೇ ನಿಮ್ಮ ಪ್ಯಾರಾ ಆಯಿತಲ್ಲಮ್ಮ. ಇದನ್ನೇ ಹಾಕಿ. ಅಜ್ಜಿಯ ಹೆಸರು ಸೇರಿಸಿ.

ಬಿಳಿಜೋಳ · ಭಾನುವಾರ ರಾತ್ರಿ 9:25

ನಿನ್ನೆ ಊರಿಗೆ ಬಂದೆ. ಫೋನಿನಲ್ಲಿ ಕೇಳುವ ವಿಷಯ ಅಲ್ಲ ಅನಿಸಿತು.

ತಮ್ಮನಿಗೆ ನಾನು ಬರೆದಿದ್ದನ್ನು ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ. "ಅಕ್ಕಾ, ನಾ ಸಾಲಿ ಬಿಟ್ಟಿದ್ದು ನಿನ್ನ ಸಲುವಾಗಿ ಅಂತ ಯಾರ ಹೇಳ್ಯಾರ ನಿನಗ? ಮನ್ಯಾಗ ರೊಕ್ಕ ಇರಲಿಲ್ಲ, ಖರೇ. ಆದ್ರ ನನಗ ಎಂಜಿನ್ ಬಿಚ್ಚೂದು ಸೇರತಿತ್ತು. ಈಗ ಮೂರು ಹುಡುಗ್ರು ನನ್ನ ಕೈಯಾಗ ಕೆಲಸ ಕಲಿಯಾಕತ್ತಾರ. ನೀ ತ್ಯಾಗ ಅಂತ ಬರದ್ರ ಅವ್ರು ಓದಿ ಏನ್ ಅನ್ಕೋತಾರ?"

ಹನ್ನೊಂದು ವರ್ಷ ನಾನು ಅವನ ಓದನ್ನು ಕಿತ್ತುಕೊಂಡೆ ಎಂದು ಒಳಗೇ ಅಂದುಕೊಂಡು ಬಂದಿದ್ದೆ. ಅದನ್ನೇ ಬರೆಯಲು ಹೊರಟಿದ್ದೆ. ಅವನ ಬಗ್ಗೆ ಬರೆಯುತ್ತಿದ್ದೇನೆ ಅಂದುಕೊಂಡು ನನ್ನ ಸಂಕಟವನ್ನು ಬರೆದಿದ್ದೆ.

"ಹಂಗಾದ್ರ ಏನ್ ಬರೀಲಿ?" ಎಂದು ಕೇಳಿದೆ. "ಪಟ್ಟಿ ಬರಿ" ಎಂದ. ಅದು ನಿಜ. ನನ್ನ ಪ್ರಯೋಗದಲ್ಲಿ 32 ತಳಿ, ಪ್ರತಿಯೊಂದೂ ಮೂರು ಸಲ, ಒಟ್ಟು 96 ತಾಕು. ಮೊದಲ ವರ್ಷ ರಟ್ಟಿನ ಚೀಟಿ ಕಟ್ಟಿದ್ದೆ, ಗಾಳಿಗೆ ಹರಿದು ಯಾವ ತಾಕು ಯಾವುದು ಎಂದು ತಿಳಿಯದೆ ಅತ್ತಿದ್ದೆ. ಅವನು ಗ್ಯಾರೇಜಿನ ಹಳೆಯ ಎಣ್ಣೆ ಡಬ್ಬಿಗಳನ್ನು ಕತ್ತರಿಸಿ 96 ತಗಡಿನ ಪಟ್ಟಿ ಮಾಡಿ, ಬಣ್ಣದಲ್ಲಿ ಅಂಕಿ ಬರೆದು ತಂದು ನೆಟ್ಟ. ಬಿಸಿಲಿಗೆ ಬಣ್ಣ ಹೋದಾಗ ಮತ್ತೆ ಬಂದು ಬರೆದ. ಆ ಪಟ್ಟಿಗಳು ಇಲ್ಲದಿದ್ದರೆ ನನ್ನ ಒಂದು ಕೋಷ್ಟಕವೂ ಇಲ್ಲ. ಇದು ನನ್ನ ಮೊದಲ ಕರಡಿನಲ್ಲಿ ಇರಲೇ ಇಲ್ಲ ನೋಡಿ.

ಆಗ ಮೇಷ್ಟ್ರು ಹೇಳಿದ ಆ ಬಿಟ್ಟುಹೋದ ಪದ್ಯದ ಪಾದ ನೆನಪಾಯಿತು. ಅವ್ವನದೂ ಅಂಥದ್ದೇ ಇದೆ. ಎರಡನೇ ವರ್ಷದ ಸುಗ್ಗಿಯಲ್ಲಿ ಪ್ರತಿ ತಳಿಯದೂ ಒಂದೆರಡು ಸೇರು ಜೋಳ ಮನೆಗೆ ಒಯ್ದಿದ್ದೆ, ಸುಮ್ನೆ ತಿನ್ನಲು. ಅವ್ವ ಒಂದೊಂದನ್ನೂ ಬೇರೆ ಬೇರೆ ಬೀಸಿಸಿ, ಎಸರು ಹಾಕಿ ನಾದಿ, ರೊಟ್ಟಿ ಬಡಿದು, ಹಂಚಿನ ಮೇಲೆ ಹಾಕಿ ನೋಡಿದಳು. ಏಳು ತಳಿಗಳನ್ನು ಬದಿಗಿಟ್ಟು "ಇವು ಆಗೂದಿಲ್ಲ" ಎಂದಳು. ಇಳುವರಿಯಲ್ಲಿ ಅವುಗಳಲ್ಲಿ ಎರಡು ಬಹಳ ಮುಂದಿದ್ದವು. ಅವ್ವ ಹೇಳಿದ ಮೇಲೆ ನಾನು ರೊಟ್ಟಿಯ ಗುಣವನ್ನೂ ಅಳೆಯಬೇಕು ಎಂದು ಗೈಡ್ ಹತ್ತಿರ ಹೋದದ್ದು. ನಾಲ್ಕನೇ ಅಧ್ಯಾಯ ಹುಟ್ಟಿದ್ದು ಅಲ್ಲಿಂದ.

ಹಸಿರು ಪೆನ್ನು · ಭಾನುವಾರ ರಾತ್ರಿ 10:05

ಬಿಳಿಜೋಳ, ನಿಮ್ಮ ಈ ಮಾತು ಓದಿ ಎದ್ದು ಕೂತೆ. ಇದು ಕೃತಜ್ಞತೆಯ ಪುಟಕ್ಕೆ ಮಾತ್ರ ಸೇರಿದ್ದಲ್ಲ. ನಾಲ್ಕನೇ ಅಧ್ಯಾಯದ ಆರಂಭದಲ್ಲಿ, ಈ ಪರೀಕ್ಷೆಯ ಯೋಚನೆ ಎಲ್ಲಿಂದ ಬಂತು ಎಂದು ಒಂದು ಸಾಲು ಇರಬೇಕು. ರೊಟ್ಟಿ ಮಾಡುವ ಕಸುಬಿನ ಅನುಭವಿಯೊಬ್ಬರು 32 ತಳಿಗಳ ಹಿಟ್ಟನ್ನು ಮೊದಲು ನೋಡಿ ಬೇರ್ಪಡಿಸಿದರು ಎಂದು. ನಾಳೆಯೇ ನಿಮ್ಮ ಗೈಡ್ ಜೊತೆ ಮಾತಾಡಿ. ಇನ್ನೂ ಸಮಯ ಇದೆ.

ಮೂರನೇ ಮಹಡಿ · ಭಾನುವಾರ ರಾತ್ರಿ 10:12

ನಾನು ನನ್ನ ಪ್ರಬಂಧ ತೆಗೆದು ನೋಡಿದೆ. ಅಣ್ಣ ಮೂರು ಬೇಸಿಗೆ ನನ್ನ ಜೊತೆ ಕೆರೆಗಳಿಗೆ ಬಂದು ನೀರಿನ ಬಾಟಲಿ ಹೊತ್ತಿದ್ದ. ನಾನು "ಅಣ್ಣನ ಪ್ರೋತ್ಸಾಹಕ್ಕೆ" ಎಂದು ಬರೆದಿದ್ದೇನೆ. ಈಗಲೇ ಅವನಿಗೆ ಫೋನ್ ಮಾಡುತ್ತೇನೆ.

ಬಿಳಿಜೋಳ · ಬುಧವಾರ ಸಂಜೆ 7:45

ಗೈಡ್ ಒಪ್ಪಿದರು. ನಾಲ್ಕನೇ ಅಧ್ಯಾಯದಲ್ಲಿ ಎರಡು ಸಾಲು ಸೇರಿದೆ, ಅವ್ವನ ಹೆಸರಿನ ಜೊತೆ. ಕನ್ನಡ ಪ್ಯಾರಾಕ್ಕೂ ಒಪ್ಪಿಗೆ ಸಿಕ್ಕಿತು. ಹೆಸರುಗಳನ್ನು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ಪುಟದಲ್ಲಿ ಮೂವರ ಹೆಸರೂ ಇದೆ.

"32 ತಳಿಗಳ ಜೋಳವನ್ನು ಬೇರೆ ಬೇರೆ ಬೀಸಿಸಿ, ರೊಟ್ಟಿ ಬಡಿದು, ಯಾವ ಹಿಟ್ಟು ಬಿರಿಯುತ್ತದೆ ಎಂದು ನನಗಿಂತ ಮೊದಲು ತಿಳಿದು ಹೇಳಿದ, ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿ ನನ್ನನ್ನು ಓದಿಸಿದ ಅವ್ವ. ಗ್ಯಾರೇಜಿನ ತಗಡಿನಿಂದ 96 ತಾಕುಗಳಿಗೆ ಪಟ್ಟಿ ಮಾಡಿ ನೆಟ್ಟ, ಬಣ್ಣ ಹೋದಾಗ ಮತ್ತೆ ಬರೆದ ತಮ್ಮ. ಜೋಳದ ತೆನೆ ಮುರಿದು ಕಾಳು ಹಲ್ಲಲ್ಲಿ ಕಡಿದು ನೋಡಲು ಕಲಿಸಿದ ಅಪ್ಪ. ಈ ಪ್ರಬಂಧದಲ್ಲಿ ಇವರ ಕೆಲಸ ಇದೆ. ಇವರನ್ನು ನೆನೆಯುತ್ತೇನೆ."

ಇವತ್ತು ಮಧ್ಯಾಹ್ನ ಫೋನ್ ಮಾಡಿ ಅವ್ವನಿಗೆ ಓದಿ ಹೇಳಿದೆ. ಸ್ಪೀಕರ್ ಹಾಕಿದ್ದಳು, ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. "ಬಿರಿಯುತ್ತದೆ" ಎನ್ನುವಲ್ಲಿಗೆ ಬಂದಾಗ ಸದ್ದು ನಿಂತಿತು. "ತಡಿ" ಎಂದಳು. "ಬಿರಿಯೂದು ಆಮ್ಯಾಲಿನ ಮಾತು. ಅವಕ್ಕ ಜಿಗಿ ಇರಲಿಲ್ಲ. ಜಿಗಿ ಇಲ್ಲದ್ದಕ್ಕ ಬಿರದಾವು. ಜಿಗಿ ಇಲ್ಲ ಅಂತ ಬರಿ." ಜಿಗಿ ಅಂದರೆ ಹಿಟ್ಟಿನ ಅಂಟು. ಆಮೇಲೆ ಉಳಿದದ್ದನ್ನು ಪೂರ್ತಿ ಕೇಳಿ, ಇನ್ನೊಮ್ಮೆ ಓದು ಎಂದಳು.

"ಯಾವ ಹಿಟ್ಟಿಗೆ ಜಿಗಿ ಇಲ್ಲ ಎಂದು" ಅಂತ ತಿದ್ದಿದ್ದೇನೆ. ನಾಲ್ಕನೇ ಅಧ್ಯಾಯದಲ್ಲೂ ಅದೇ ಪದ ಹಾಕಿದೆ. ನಾಳೆ ಬೆಳಗ್ಗೆ ಬೈಂಡಿಂಗ್‌ಗೆ ಕೊಡುತ್ತೇನೆ.